ಸಿದ್ದೇಶನ ಅಂಗೈಯಲ್ಲಿ ನಾನಿಟ್ಟ ಬೀಗದ ಕೈ

ಅದು ೨೦೦೭ನೆಯ ಇಸವಿ. ನನಗಾಗ ಮೂವತ್ತನಾಲ್ಕು ವರ್ಷ. ಆ ವರ್ಷದ ಸಂಕ್ರಾಂತಿಗೆ ಮುಂಚಿನ ಭಾನುವಾರ, ರಾಯದುರ್ಗದ ಒಂದು ಬಯಲಿನಲ್ಲಿ, ಹಲವರ ಕಣ್ಣೆದುರಿಗೆ, ಯಾವ ಕಾಯಿಲೆಯೂ ಇಲ್ಲದ ಒಬ್ಬ ಯುವಕನನ್ನು ನಾನು ಮೂರ್ಛೆರೋಗಿಯನ್ನಾಗಿ ಮಾಡಿದೆ. ಅವನ ಹೆಸರು ಸಿದ್ದೇಶ. ನನ್ನ ಶಿಷ್ಯ. ನನ್ನನ್ನು ನಂಬಿ, ನನ್ನ ಜೊತೆಯಲ್ಲಿಯೇ ಬಸ್ಸು ಹತ್ತಿ ಬಂದವನು.

ನಾನು ಅವನನ್ನು ಹೊಡೆಯಲಿಲ್ಲ. ಸುಳ್ಳು ಎಂದು ಬೆರಳಿಟ್ಟು ತೋರಿಸಬಹುದಾದ ಒಂದು ವಾಕ್ಯವನ್ನೂ ಆ ದಿನ ನಾನು ಆಡಲಿಲ್ಲ — ಈ ಮಾತನ್ನೇ ನನಗೆ ನಾನು ಹೇಳಿಕೊಳ್ಳುತ್ತ ಬಹಳ ವರ್ಷ ಬದುಕಿದೆ. ಆಡಿದ ವಾಕ್ಯಗಳೆಲ್ಲ ಸರಿಯಾಗಿದ್ದವು. ಮಾಡಿದ್ದು ಮಾತ್ರ...

ಮೊದಲಿನಿಂದ ಹೇಳುತ್ತೇನೆ.

ಮಡಕಶಿರಾದ ಕಡೆ, ಅಮರಾಪುರಕ್ಕೆ ಹತ್ತಿರದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ನಾನು ಕನ್ನಡ ಮೇಷ್ಟ್ರಾಗಿದ್ದೆ. ಒಂದು ಅಕ್ಷರ ತಪ್ಪಿದರೆ ಇಡೀ ಪುಟವನ್ನು ಮತ್ತೆ ಬರೆಸುತ್ತಿದ್ದವನು. ಅಲ್ಪಪ್ರಾಣ ಮಹಾಪ್ರಾಣಗಳನ್ನು ಕಲಸಿ ಓದಿದವನನ್ನು ಬಿಸಿಲಿನಲ್ಲಿ ನಿಲ್ಲಿಸುತ್ತಿದ್ದವನು. ಆಂಧ್ರದೊಳಗಿನ ಕನ್ನಡದ ಊರುಗಳವು. ಮಕ್ಕಳು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುತ್ತಿದ್ದರು. ವರ್ಷದಿಂದ ವರ್ಷಕ್ಕೆ ಕನ್ನಡ ಮಾಧ್ಯಮದ ಬೆಂಚುಗಳು ಖಾಲಿಯಾದವು. ಕೊನೆಗೆ ಆಡಳಿತದವರು ಆ ವಿಭಾಗವನ್ನೇ ಮುಚ್ಚಿದರು. ನನಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ. ಸಂಬಂಧಿಕರೊಬ್ಬರ ಮಾತಿನ ಮೇಲೆ ರಾಯದುರ್ಗಕ್ಕೆ ಹೋಗಿ, ಬಸವರಾಜಪ್ಪ ಎಂಬ ಸಾವುಕಾರರ ಜೀನ್ಸ್ ಯೂನಿಟ್ಟಿನಲ್ಲಿ ಸೂಪರ್‌ವೈಸರನಾಗಿ ಸೇರಿದೆ. ಬೆಳಿಗ್ಗೆ ಬಾಗಿಲು ತೆಗೆಯುವುದು, ಹೊಲಿದ ಪ್ಯಾಂಟುಗಳನ್ನು ಪರೀಕ್ಷಿಸುವುದು, ಸಂಜೆ ಬೀಗ ಹಾಕುವುದು. ಬಾಗಿಲು, ಗೋದಾಮು, ಬೀರುಗಳ ಬೀಗದ ಕೈಗಳೆಲ್ಲ ಒಂದು ದಪ್ಪ ಕಬ್ಬಿಣದ ಉಂಗುರದಲ್ಲಿ ಸದಾ ನನ್ನ ಸೊಂಟದಲ್ಲಿರುತ್ತಿದ್ದವು. ಕರಿಹಲಗೆಯ ಮುಂದೆ ನಿಂತಾಗ ಇದ್ದ ಗತ್ತು ಆ ಗೊಂಚಲಿನ ಸದ್ದಿನಲ್ಲಿ ನನಗೆ ಸ್ವಲ್ಪ ಮರಳಿ ಬಂದಂತೆ ಆಗುತ್ತಿತ್ತು.

ಅವು ವಲಸೆಯ ವರ್ಷಗಳು. ನಮ್ಮ ಕಡೆಯ ಹುಡುಗ ಹುಡುಗಿಯರು ಬ್ಯಾಗು ಹಿಡಿದು ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗುತ್ತಿದ್ದರು. ಅಷ್ಟು ದೂರ ಬೇಡವೆಂದವರಿಗೆ ರಾಯದುರ್ಗವಿತ್ತು. ಆದರೆ ಅಲ್ಲಿ ಮಷೀನಿನ ಮುಂದೆ ಜಾಗ ಸಿಗುವುದು ಸುಲಭವಾಗಿರಲಿಲ್ಲ; ಹೊಲಿಗೆ ಕಲಿತ ಮನೆತನಗಳೇ ಊರಿನಲ್ಲಿ ಸಾಕಷ್ಟಿದ್ದವು. ಹೊರಗಿನ ಹುಡುಗನಿಗೆ ಒಂದೇ ಒಳದಾರಿ — ಕಬಡ್ಡಿ.

ಸಂಕ್ರಾಂತಿಗೆ ಯೂನಿಟ್ಟುಗಳ ನಡುವೆ ಪಂದ್ಯಗಳಾಗುತ್ತಿದ್ದವು. ಅದಕ್ಕೆ ಮುಂಚಿನ ಭಾನುವಾರ ಊರಾಚೆಯ ಬಯಲಿನಲ್ಲಿ ಹುಡುಗರನ್ನು ಆರಿಸುವ ಕೆಲಸ. ಸುತ್ತಲಿನ ಹಳ್ಳಿಗಳಿಂದ, ಗುಮ್ಮಘಟ್ಟದಿಂದ, ನಮ್ಮ ಮಡಕಶಿರಾದ ಕಡೆಯಿಂದಲೂ ಹುಡುಗರು ಬರುತ್ತಿದ್ದರು. ಮೊದಲು ಚೀಟಿ ಎತ್ತಿ ಯೂನಿಟ್ಟುಗಳ ಸರದಿ ಗೊತ್ತು ಮಾಡುವುದು. ಬಳಿಕ ಹುಡುಗರನ್ನು ಆಡಿಸಿ ನೋಡುವುದು. ಆಮೇಲೆ ಸರದಿಯ ಪ್ರಕಾರ ಒಂದೊಂದು ಯೂನಿಟ್ಟಿನವರು ಒಬ್ಬೊಬ್ಬನ ಹೆಸರನ್ನು ಕೂಗಿ, ಜೀನ್ಸ್ ಬಟ್ಟೆಯ ಅಂಚಿನಿಂದ ಹರಿದ ಪಟ್ಟಿಯನ್ನು ಅವನ ಮಣಿಕಟ್ಟಿಗೆ ಕಟ್ಟುವುದು. ಪಟ್ಟಿ ಕಟ್ಟಿದವರು ಆ ಹುಡುಗನಿಗೆ ಆಟದಲ್ಲಿ ಜಾಗ ಕೊಡಬೇಕು. ಹಬ್ಬ ಮುಗಿದ ಮೇಲೆ ಮಷೀನಿನ ಮುಂದೆಯೂ ಜಾಗ ಕೊಡಬೇಕು. ಇದನ್ನು ಮೀರಿದ ಸಾವುಕಾರರು ಯಾರೂ ಇರಲಿಲ್ಲ. ಬರಿಯ ಮಣಿಕಟ್ಟಿನವರು ಅದೇ ಸಂಜೆ ಬಸ್ಸು ಹತ್ತುತ್ತಿದ್ದರು.

ನಮ್ಮ ಯೂನಿಟ್ಟಿನ ಪರವಾಗಿ ಹುಡುಗರನ್ನು ತೂಗಿ ನೋಡುವವನು ನಾನು. ನನಗೆ ಆಡಲು ಬರುತ್ತಿರಲಿಲ್ಲ, ಗಮನಿಸಲು ಬರುತ್ತಿತ್ತು. ಎಲ್ಲರೂ ತೊಡೆ, ಭುಜ ನೋಡುತ್ತಿದ್ದರು. ನಾನು ಕಿವಿ ಕೊಡುತ್ತಿದ್ದೆ. ಎದುರಾಳಿಯ ಅಂಕಣದೊಳಗೆ ಹೋದವನು ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತಿರಬೇಕಷ್ಟೆ? ಭಯಪಟ್ಟವನ ಬಾಯಲ್ಲಿ ಮೊದಲು ಕೆಡುವುದು ಒತ್ತಕ್ಷರ. ಉಸಿರು ತೀರುವವನ ಕೊನೆಯ ಸ್ವರ ನುಂಗಿಹೋಗುತ್ತದೆ. ಕಣ್ಣು ಮುಚ್ಚಿ ಕೇಳಿದರೂ ಯಾರು ಇನ್ನೂ ಎಷ್ಟು ಹೊತ್ತು ಒಳಗಿರಬಲ್ಲರೆಂದು ನಾನು ಹೇಳಬಲ್ಲೆನೆಂದು ನಂಬಿದ್ದೆ.

ಆದರೆ ಅದರ ಹಿಂದಿನ ವರ್ಷ ನಾನು ಆರಿಸಿದ ಹುಡುಗ ಮೊದಲ ಪಂದ್ಯದಲ್ಲಿಯೇ ಮುಗ್ಗರಿಸಿದ್ದ. ಪಕ್ಕದ ಯೂನಿಟ್ಟಿಗೆ ಹುಡುಗರನ್ನು ಆರಿಸುತ್ತಿದ್ದ ಕಟಿಂಗ್ ಮಾಸ್ಟರ್ ತಿಪ್ಪೇಸ್ವಾಮಿಗೆ ಅದು ವರ್ಷವಿಡೀ ಹಬ್ಬವಾಯಿತು. ಚಹಾದಂಗಡಿಯಲ್ಲಿ ನನ್ನನ್ನು ಕಂಡರೆ ಸಾಕು —

"ಬರ್ರಿ ಮೇಷ್ಟ್ರೆ. ಈ ಸಲನೂ ವ್ಯಾಕರಣ ಚಲೋ ಇರೋ ಹುಡುಗ್ರನ್ನ ಆರಿಸ್ತೀರೇನು? ಹ್ವಾದ ವರ್ಷದಾವ ಸಂಧಿ ಬಿಡಿಸ್ಕೊಂತ ನಿಂತಿದ್ದ; ನಮ್ಮ ಹುಡುಗ್ರು ಕಾಲು ಹಿಡಿದು ಸಮಾಸ ಮಾಡಿಬಿಟ್ರು ನೋಡ್ರಿ!"

ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೆ — ಬೇಡ, ಅದು ಕಾರಣವಾಗಬಾರದು. ಕಾರಣ ಹೇಳುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ.

ಸಿದ್ದೇಶ ಹೇಮಾವತಿಯ ಹತ್ತಿರದವನು. ನನ್ನ ತರಗತಿಯಲ್ಲಿ ಪಾಠ ಓದಲು ನಿಂತರೆ ಉದ್ದನೆಯ ವಾಕ್ಯವನ್ನು ಒಂದೇ ಉಸಿರಿನಲ್ಲಿ, ಒಂದಕ್ಷರವನ್ನೂ ಸವೆಸದೆ ಓದಿ ಮುಗಿಸುತ್ತಿದ್ದ ಹುಡುಗ. ನಾನು ಊರು ಬಿಡುವ ಹೊತ್ತಿಗೆ ಅವನ ತಂದೆ ತೀರಿಕೊಂಡಿದ್ದರು. ತಾಯಿ ಲಕ್ಷ್ಮಕ್ಕ ಬೇರೆಯವರ ತೋಟಗಳಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದಳು. ಆ ಮಾರ್ಗಶಿರದಲ್ಲಿ ಊರಿಗೆ ಹೋದಾಗ ಅವನು ಆಡುವುದನ್ನು ಕಂಡೆ. ಈಗ ಇಪ್ಪತ್ತರ ಯುವಕ. ನಾಲ್ವರ ನಡುವಿನಿಂದ ನುಸುಳಿ ಗೆರೆ ಮುಟ್ಟುವ ತನಕ ಅವನ ಬಾಯಿಯ ಪ್ರತಿಯೊಂದು ಅಕ್ಷರವೂ ನನಗೆ ಬೇರೆ ಬೇರೆಯಾಗಿ ಕೇಳಿಸಿತು. ನಾನು ಅವನ ಮನೆಗೆ ಹೋಗಿ ಲಕ್ಷ್ಮಕ್ಕನನ್ನು ಕೇಳಿದೆ. ಅವಳು ನನ್ನನ್ನು ಚಾಪೆಯ ಮೇಲೆ ಕೂರಿಸಿ, ತಾನು ಬಾಗಿಲಿನ ಬಳಿ ನಿಂತು ಹೇಳಿದಳು:

"ಸಾ, ಬೆಂಗ್ಳೂರಿಗೆ ಕಳ್ಸಾಕೆ ನಂಗೆ ಧೈರ್ಯ ಇಲ್ಲ. ರಾಯದುರ್ಗ ಆದ್ರೆ ನೀವಿದ್ದೀರ. ಒಂದು ಮಿಷನ್ ಮುಂದೆ ಕೂರ್ಸಿಬಿಡಿ, ಆಮೇಲೆ ನಾನೂ ಅಲ್ಲಿಗೇ ಬಂದು ಗುಂಡಿಗೆ ಕಾಜಾ ಹಾಕೋ ಕೆಲ್ಸಾನೋ ಏನೋ ಮಾಡ್ಕೊಂಡು ಇರ್ತೀನಿ."

"ಕೂರಿಸುತ್ತೇನೆ, ಲಕ್ಷ್ಮಕ್ಕ" ಎಂದೆ. ಅದು ಮಾತು ಕೊಟ್ಟದ್ದು.

ಆ ಭಾನುವಾರ ನಾವು ರಾಯದುರ್ಗ ತಲುಪಿದಾಗ ಬಿಸಿಲೇರಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಸಿದ್ದೇಶ ಇಡ್ಲಿಯ ಕಡೆ ನೋಡಿದ. ಹೊಟ್ಟೆ ಹಗುರವಾಗಿದ್ದರೆ ಕಾಲು ಹಗುರವಾಗುತ್ತದೆ, ಆಟ ಮುಗಿದ ಮೇಲೆ ತಿನ್ನು ಎಂದೆ. ತಲೆಯಾಡಿಸಿದ. ಹಿಂದಿನ ರಾತ್ರಿಯೂ ಅವನು ಸರಿಯಾಗಿ ಉಂಡಿರಲಿಲ್ಲವೆಂಬುದು ನನಗೆ ಗೊತ್ತಿತ್ತು. ಗೊತ್ತಿತ್ತು ಎಂಬುದನ್ನು ನೆನಪಿಡಿ.

ಚೀಟಿ ಎತ್ತಿದರು. ತಿಪ್ಪೇಸ್ವಾಮಿಯ ಯೂನಿಟ್ಟಿಗೆ ಮೊದಲ ಸರದಿ. ನಮ್ಮದು ಎಲ್ಲರಿಗಿಂತ ಕೊನೆ.

ಆಗಲೂ ನನಗೊಂದು ಆಸೆಯಿತ್ತು: ಸಿದ್ದೇಶ ಸುಮಾರಾಗಿ ಆಡಲಿ, ಯಾರ ಕಣ್ಣಿಗೂ ಬೀಳದಿರಲಿ. ಅವನಿಗೆ ಹಾಗೆ ಹೇಳಲು ನಾಲಿಗೆ ಬರಲಿಲ್ಲ. ಅವನು ಮೊದಲ ಸಲ ಗೆರೆ ದಾಟಿ ಹೋಗಿ ಬಂದದ್ದರಲ್ಲಿಯೇ ಬಯಲಿನವರೆಲ್ಲ ಗೆರೆಯ ಹತ್ತಿರಕ್ಕೆ ಸರಿದರು. ಎರಡನೆಯ ಸಲ ಹೋದಾಗ ತಿಪ್ಪೇಸ್ವಾಮಿ ಬೀಡಿ ಎಸೆದು ಎದ್ದು ನಿಂತ. ನನಗೆ ಅರ್ಥವಾಯಿತು — ಹುಡುಗ ನನ್ನ ಕೈ ತಪ್ಪಿದ. ನಾನು ಕಂಡು, ನಾನು ಕರೆತಂದು, ನಾನು ಓದು ಕಲಿಸಿದ ಹುಡುಗ ತಿಪ್ಪೇಸ್ವಾಮಿಯ ಪಟ್ಟಿ ಕಟ್ಟಿಕೊಂಡು ನನ್ನ ಯೂನಿಟ್ಟನ್ನೇ ಸೋಲಿಸುತ್ತಾನೆ. ಮುಂದಿನ ವರ್ಷವಿಡೀ ಚಹಾದಂಗಡಿಯಲ್ಲಿ...

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ತಿಪ್ಪೇಸ್ವಾಮಿ ಆರಿಸಿದ್ದರೂ ಸಿದ್ದೇಶನಿಗೆ ಮಷೀನು ಸಿಗುತ್ತಿತ್ತು. ಲಕ್ಷ್ಮಕ್ಕನಿಗೆ ನಾನು ಕೊಟ್ಟ ಮಾತು ಉಳಿಯುತ್ತಿತ್ತು. ಅವರಿಬ್ಬರಿಗೂ ಏನೊಂದೂ ನಷ್ಟವಿರಲಿಲ್ಲ. ನಷ್ಟ ನನಗೊಬ್ಬನಿಗೆ.

ಮೂರನೆಯ ಸಲ ಅವನು ಒಳಗೆ ಹೋದಾಗ ಅವನ ಕೊನೆಯ ಸ್ವರ ನುಂಗಿಹೋದದ್ದು ನನಗೆ ಕೇಳಿಸಿತು. ಉಸಿರು ತೀರಿದೆ, ಹೊಟ್ಟೆಯಲ್ಲಿ ಏನೂ ಇಲ್ಲ ಎಂದುಕೊಂಡೆ. ಅಷ್ಟರಲ್ಲಿ ಎದುರಿನವರು ಒಟ್ಟಾಗಿ ಅವನ ಮೇಲೆ ಬಿದ್ದರು. ಎಲ್ಲರೂ ಎದ್ದರು, ಅವನು ಏಳಲಿಲ್ಲ. ಓಡಿಹೋಗಿ ನೋಡಿದೆ. ಕಣ್ಣು ಅರ್ಧ ತೆರೆದು ಬಿಳಿಗುಡ್ಡೆ ಕಾಣುತ್ತಿತ್ತು. ಬಲಗೈ ಸಣ್ಣಗೆ ನಡುಗುತ್ತಿತ್ತು. ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ, ಉಣ್ಣದೆ ಬಂದ ಮಕ್ಕಳು ಹೀಗೆಯೇ ಕುಸಿಯುವುದನ್ನು ಎಷ್ಟು ಸಲ ಕಂಡಿದ್ದೆ! ಪ್ರತಿ ಸಲವೂ ನೀರು ಚಿಮುಕಿಸಿ, ಒಂದು ಚೂರು ಬೆಲ್ಲ ಬಾಯಿಗಿಟ್ಟು ಎಬ್ಬಿಸಿದ್ದೆ. ನೀರಿನ ಬಿಂದಿಗೆ ಸುಣ್ಣದ ಗೆರೆಯ ಪಕ್ಕದಲ್ಲಿಯೇ ಇತ್ತು.

ನನ್ನ ಕೈ ಬಿಂದಿಗೆಯ ಕಡೆ ಹೋಗಲಿಲ್ಲ. ಸೊಂಟಕ್ಕೆ ಹೋಯಿತು.

ನಮ್ಮ ಸೀಮೆಯಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮೂರ್ಛೆರೋಗದವರು ಬಿದ್ದಾಗ ಅವರ ಅಂಗೈಯಲ್ಲಿ ಕಬ್ಬಿಣವನ್ನಿಟ್ಟು ಮುಷ್ಟಿ ಬಿಗಿಸುತ್ತಾರೆ. ಬೇರೆ ಯಾವ ಬವಳಿಗೂ, ಯಾವ ಪೆಟ್ಟಿಗೂ ಹಾಗೆ ಮಾಡುವುದಿಲ್ಲ. ನಾನು ಬೀಗದ ಕೈಗಳ ಗೊಂಚಲನ್ನು ಬಿಚ್ಚಿ ಸಿದ್ದೇಶನ ಅಂಗೈಯಲ್ಲಿಟ್ಟು ಅವನ ಬೆರಳುಗಳನ್ನು ಒಂದೊಂದಾಗಿ ಮಡಿಸಿದೆ. ಅವಸರದಿಂದಲ್ಲ; ಇದು ನನಗೆ ರೂಢಿ ಎಂಬಂತೆ, ಈ ಹುಡುಗನಿಗೆ ಈ ಹಿಂದೆಯೂ ಹೀಗೆ ಮಾಡಿದ್ದೇನೆ ಎಂಬಂತೆ. ಸುತ್ತ ನಿಂತವರು ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಯಾರೋ "ಅಯ್ಯೋ ಪಾಪಂ" ಎಂದರು. ಒಬ್ಬ ಚಪ್ಪಲಿ ಬಿಚ್ಚಿ ಮೂಗಿಗೆ ಹಿಡಿಯಲು ಬಂದ. ತಿಪ್ಪೇಸ್ವಾಮಿ ನನ್ನ ಕಿವಿಯ ಹತ್ತಿರ ಬಾಗಿದ.

"ಮೇಷ್ಟ್ರೆ, ಹುಡುಗಗ ಮೊದ್ಲಿಂದ ಐತೇನ್ರಿ ಇದು?"

ನಾನು ತಗ್ಗಿದ ದನಿಯಲ್ಲಿ ಹೇಳಿದೆ:

"ಬಡವರ ಹುಡುಗ. ದಯವಿಟ್ಟು ಯಾರಿಗೂ ಹೇಳಬೇಡಿ."

ಇದೇ ನಾನಾಡಿದ ವಾಕ್ಯ. ಹೇಳುತ್ತಾನೆಂದು ತಿಳಿದೇ ಆಡಿದ್ದು. ಹೇಳಲಿ ಎಂದೇ ಆಡಿದ್ದು.

ಸಿದ್ದೇಶ ಸ್ವಲ್ಪ ಹೊತ್ತಿಗೆ ಎದ್ದು ಕುಳಿತ. ಮೊದಲು ತನ್ನ ಮುಷ್ಟಿಯನ್ನು ನೋಡಿದ. ಆಮೇಲೆ ನನ್ನ ಮುಖವನ್ನು. ನಾನು ಗೊಂಚಲನ್ನು ಮರಳಿ ತೆಗೆದುಕೊಂಡು, ಈಗ ನೀರು ಕೊಟ್ಟೆ.

ಹೆಸರು ಕೂಗಲು ಪ್ರಾರಂಭವಾಯಿತು. ತಿಪ್ಪೇಸ್ವಾಮಿ ಗುಮ್ಮಘಟ್ಟದ ಒಬ್ಬನನ್ನು ಕೂಗಿದ. ಬಳಿಕ ಒಬ್ಬೊಬ್ಬರೂ ಬೇರೆ ಬೇರೆ ಹೆಸರುಗಳನ್ನು. ಪಟ್ಟಿಗಳನ್ನು ಕಟ್ಟುತ್ತಿದ್ದರು. ಮೂರ್ಛೆರೋಗಿಯನ್ನು ಬೇರೆ ಯಾರೂ ಆರಿಸುವುದಿಲ್ಲ, ಕೊನೆಗೆ ಅವನು ನನಗೇ ಉಳಿಯುತ್ತಾನೆ ಎಂಬ ನನ್ನ ಎಣಿಕೆ ಒಂದಿಷ್ಟೂ ತಪ್ಪಿರಲಿಲ್ಲ. ನಮ್ಮ ಸರದಿ ಬಂತು. ಸಿದ್ದೇಶ ನನ್ನನ್ನೇ ನೋಡುತ್ತ, ಕರೆಯುವ ಮೊದಲೇ, ಕೈಯನ್ನು ಸ್ವಲ್ಪ ಮುಂದೆ ಚಾಚಿದ್ದ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಬಸವರಾಜಪ್ಪನವರು ನನ್ನ ತೋಳು ಹಿಡಿದರು.

"ಬ್ಯಾಡ್ರಿ ಮೇಷ್ಟ್ರೆ. ನಿಮ್ಮ ಊರ ಕಡೆಯಾವ ಅಂತ ನಿಮಗ ಕರುಳು ಚುರ್ ಅಂತದ, ನನಗ ತಿಳೀತದ. ಆದ್ರ ಪವರ್ ಮಷೀನ್ ಮುಂದ ಕುಂತಾಗ ಬಂದ್ರ? ಕೈ ಒಳಗ ಹೋದ್ರ? ಅವನ ಅವ್ವಗ ನಾನು ಏನಂತ ಉತ್ತರ ಹೇಳ್ಲಿ?"

ಇದನ್ನು ನಾನು ಎಣಿಸಿರಲಿಲ್ಲ. ಬೇರೆಯವರನ್ನು ನಂಬಿಸಿದ ಕೈ ನಮ್ಮ ಸಾವುಕಾರರನ್ನೂ ನಂಬಿಸಿತ್ತು. ಅವರಿಗೆ ಮೊದಲೇ ಗುಟ್ಟು ಹೇಳಲು ನನಗೆ ಧೈರ್ಯವಿರಲಿಲ್ಲ. ಅವರು ಅಂಥದಕ್ಕೆ ಒಪ್ಪುವ ಮನುಷ್ಯರಾಗಿರಲಿಲ್ಲ. ಆ ಗಳಿಗೆಯಲ್ಲಿಯೂ ದಾರಿಯಿತ್ತು. 'ಅವನಿಗೆ ಯಾವ ರೋಗವೂ ಇಲ್ಲ, ಹಸಿದು ಬಿದ್ದ, ಕಬ್ಬಿಣ ಇಟ್ಟದ್ದು ನನ್ನ ಕಪಟ' ಎಂದರೆ ಸಾಕಾಗಿತ್ತು. ಬಯಲಿನಲ್ಲಿ ತಿಪ್ಪೇಸ್ವಾಮಿ ನಿಂತಿದ್ದ. ನಮ್ಮ ಯೂನಿಟ್ಟಿನ ಹುಡುಗರೆಲ್ಲ ನಿಂತಿದ್ದರು. ಅವರೆಲ್ಲರ ಮುಂದೆ ನನ್ನ ತಪ್ಪನ್ನು ನಾನೇ —

ನಾನು ಬೇರೆ ಹೆಸರು ಕೂಗಿದೆ.

ಎರಡು ತಪ್ಪುಗಳಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಕಬ್ಬಿಣವನ್ನಿಟ್ಟಾಗ ಹುಡುಗ ನನಗೆ ದಕ್ಕಲಿ ಎಂಬ ಆಸೆಯಾದರೂ ಇತ್ತು. ಹೆಸರು ಬದಲಿಸಿದಾಗ ನನ್ನ ಮುಖವನ್ನು ಕಾಪಾಡಿಕೊಳ್ಳುವುದಲ್ಲದೆ ಬೇರೇನೂ ಇರಲಿಲ್ಲ. ಯಾರೋ ಒಬ್ಬನ ಮಣಿಕಟ್ಟಿಗೆ ಪಟ್ಟಿ ಕಟ್ಟುವಾಗ, ಸಿದ್ದೇಶ ಚಾಚಿದ ಕೈಯಿಂದ ತಲೆ ಕೆರೆದುಕೊಂಡು, ಹಾಗೆಯೇ ಕೆಳಗೆ ಇಳಿಸಿದ್ದನ್ನು ಕಂಡೆ.

ಸಂಜೆ ಕಲ್ಯಾಣದುರ್ಗದ ಕಡೆಯ ಬಸ್ಸಿಗೆ ಅವನನ್ನು ಹತ್ತಿಸಲು ಹೋದೆ. ಅವನು ಅಳುತ್ತಿರಲಿಲ್ಲ. ಅತ್ತಿದ್ದರೆ ಬಾಯಿಬಿಡುತ್ತಿದ್ದೆನೇನೋ... ಗೊತ್ತಿಲ್ಲ.

"ಸಾ, ನಂಗೆ ಮೂರ್ಛೆ ಬಂದಿತ್ತಂತೆ. ಆ ಹುಡುಗ್ರು ಅಂದ್ರು. ಹೌದಾ ಸಾ?"

ನಾನು ಬಸ್ಸಿನ ಬೋರ್ಡನ್ನು ನೋಡುತ್ತಿದ್ದೆ.

"ನಂಗೇನೂ ನೆಪ್ಪಿಲ್ಲ. ಕಣ್ ಬಿಟ್ಟಾಗ ಕೈಯಾಗೆ ಕಬ್ಬಿಣ ಇತ್ತು, ನೀವಿದ್ರಿ. ನೀವು ಇಡ್ದಿದ್ರೆ ಏನಾಗ್ತಿತ್ತೋ." ಸಂಕೋಚದಿಂದ ಕೇಳಿದ: "ದಾರೀಲಿ ಮತ್ತೆ ಬಂದ್ರೆ? ಆ ಗೊಂಚ್ಲಲ್ಲಿ ಒಂದು ನನ್ ಹತ್ರ ಇರ್ಲಾ ಸಾ?"

ನನ್ನ ಕೈಗಳು ತಾವಾಗಿಯೇ ಉಂಗುರವನ್ನು ಬಿಡಿಸಿದವು. ಎಂದೋ ಮುರಿದುಹೋದ ಬೀರುವಿನ, ಯಾವ ಬೀಗಕ್ಕೂ ಹೊಂದದ ಒಂದು ಬೀಗದ ಕೈಯನ್ನು ತೆಗೆದು ಅವನಿಗೆ ಕೊಟ್ಟೆ. ಅವನು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಜೇಬಿನ ಮೇಲೆ ಕೈಯಿಟ್ಟುಕೊಂಡೇ ಬಸ್ಸು ಹತ್ತಿದ. ಅವನ ಹೊಟ್ಟೆಗೆ ಆ ದಿನ ಏನಾದರೂ ಬಿತ್ತೇ ಎಂದು ಕೇಳಲೂ ನನಗೆ ನೆನಪಾಗಲಿಲ್ಲ.

ಆ ಸಂಕ್ರಾಂತಿಯಲ್ಲಿ ನಾವು ಗೆದ್ದೆವೋ ಸೋತೆವೋ — ಬರೆಯಲು ನಾಚಿಕೆಯಾಗುತ್ತದೆ; ಈಗ ನೆನಪಿಲ್ಲ.

ಮುಂದಿನದನ್ನು ನಾನು ಕಂತುಕಂತಾಗಿ, ಊರ ಕಡೆಯಿಂದ ಬಂದವರ ಬಾಯಲ್ಲಿ ಕೇಳಿದೆ. ಲಕ್ಷ್ಮಕ್ಕ ಮಗನನ್ನು ಒಬ್ಬ ನಾಟಿ ವೈದ್ಯನ ಬಳಿಗೆ ಕರೆದೊಯ್ದು ಕತ್ತಿನ ಹಿಂಭಾಗಕ್ಕೆ ಬರೆ ಹಾಕಿಸಿದಳಂತೆ. ಕಾದ ಕಬ್ಬಿಣ ತಾಕಿದಾಗ ಅವನು ಸದ್ದು ಮಾಡಲಿಲ್ಲವಂತೆ. ಅವನನ್ನು ಬಾವಿಯ ಬಳಿ ಬಿಡುತ್ತಿರಲಿಲ್ಲ, ಬೈಕು ಮುಟ್ಟಲು ಬಿಡುತ್ತಿರಲಿಲ್ಲ. ಕಬಡ್ಡಿಯನ್ನಂತೂ ಅವನೇ ಬಿಟ್ಟ. ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗಲು ಜೊತೆಯವರು ಕರೆದಾಗ, ಮಷೀನಿನ ಮುಂದೆ ಕೂರುವ ಹಾಗಿಲ್ಲವೆಂದು ತಾನೇ ಹೇಳಿದನಂತೆ. ಹೆಣ್ಣು ಕೊಡಲು ಬಂದವರಿಗೂ ತಾನೇ ಹೇಳಿದ. ಬಚ್ಚಿಡುವುದು ಅವನಿಗೆ ತಿಳಿಯದು. ನಾನೇ ಕಲಿಸಿದ್ದೆನಲ್ಲ — ಇದ್ದದ್ದನ್ನು ಇದ್ದಂತೆ ಹೇಳಬೇಕು ಎಂದು.

ಪ್ರತಿ ಸಲ ಕೇಳಿದಾಗಲೂ, ಮುಂದಿನ ಹಬ್ಬಕ್ಕೆ ಹೋದಾಗ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಹಬ್ಬಗಳು ಬಂದವು. ಊರಿಗೂ ಹೋದೆ. ಹೇಮಾವತಿಯ ದಾರಿಯನ್ನು ಮಾತ್ರ ತಪ್ಪಿಸಿ ನಡೆದೆ.

ಬಸವರಾಜಪ್ಪನವರು ತೀರಿಕೊಂಡ ಮೇಲೆ, ಕಣ್ಣು ಮಸುಕಾಗಿ ಹೊಲಿಗೆಯ ತಪ್ಪುಗಳು ಕಾಣದಂತಾದಾಗ, ಕೆಲಸ ಬಿಟ್ಟು ಅಮರಾಪುರಕ್ಕೆ ಮರಳಿದೆ. ೨೦೨೨ರ ಕಾರ್ತಿಕದಲ್ಲಿ ಸಂಬಂಧಿಕರ ಮನೆಯ ನಾಮಕರಣಕ್ಕೆ ಹೇಮಾವತಿಗೆ ಹೋಗಲೇಬೇಕಾಯಿತು. ಊಟದ ಪಂಕ್ತಿಯಲ್ಲಿ ಯಾರೋ ಬಂದು ನನ್ನ ಕಾಲು ಮುಟ್ಟಿದರು. ತಲೆಯೆತ್ತಿದೆ. ಕೂದಲು ಅಲ್ಲಲ್ಲಿ ನರೆತಿತ್ತು. ಆದರೂ ಗುರುತು ಸಿಕ್ಕಿತು, ಸಿದ್ದೇಶ. ಅವನು ಸುತ್ತಲಿನವರಿಗೆ ನನ್ನನ್ನು ತೋರಿಸಿ, ಹೆಮ್ಮೆಯಿಂದ ಹೇಳುತ್ತಿದ್ದ:

"ಇವ್ರೇ ಕಣ್ರಣ್ಣ ನಮ್ ಸಾರು. ನನ್ ಜೀವ ಉಳ್ಸಿದೋರು."

ಅಂಗಿಯನ್ನು ಸ್ವಲ್ಪ ಸರಿಸಿ ಉಡಿದಾರವನ್ನು ತೋರಿಸಿದ. ಅದರಲ್ಲಿ ಆ ಬೀಗದ ಕೈ ಇತ್ತು. ತುಕ್ಕು ಹಿಡಿದಿರಲಿಲ್ಲ, ಮೈಯ ತಿಕ್ಕಾಟಕ್ಕೆ ಬೆಳ್ಳಿಯ ಹಾಗೆ ನುಣುಪಾಗಿತ್ತು.

"ಅವತ್ತಿಂದ ಮತ್ತೆ ಬರ್ಲೇ ಇಲ್ಲ ಸಾ, ಇದ್ರ ದೆಸೆಯಿಂದ."

ನನ್ನ ಎಲೆಯ ಮೇಲೆ ಬಡಿಸಿದ ಅನ್ನ ಹಾಗೆಯೇ ಉಳಿಯಿತು.

ಆ ರಾತ್ರಿ ಅಲ್ಲಿಯೇ ಉಳಿದೆ. ಮರುದಿನ ಬೆಳಿಗ್ಗೆ ಅವನನ್ನು ಹುಡುಕಿಕೊಂಡು ಹೋದೆ. ಅವನು ಒಬ್ಬರ ರೇಷ್ಮೆಹುಳುವಿನ ಮನೆಯನ್ನು ನೋಡಿಕೊಳ್ಳುತ್ತಿದ್ದ. ಒಳಗೆ ಸಾವಿರಾರು ಹುಳುಗಳು ಸೊಪ್ಪು ಮೇಯುವ ಸದ್ದು, ಜಿನುಗುಮಳೆಯಂತೆ. ನಾನು ಬಾಗಿಲಿನಲ್ಲಿ ನಿಂತೇ ಹೇಳಿದೆ. ಚೀಟಿ, ಸರದಿ, ಬಿಂದಿಗೆ, ಸೊಂಟಕ್ಕೆ ಹೋದ ಕೈ, ತಿಪ್ಪೇಸ್ವಾಮಿಗೆ ಹೇಳಿದ ಮಾತು, ಕೂಗದ ಹೆಸರು. ಒಂದನ್ನೂ ಬಿಡಲಿಲ್ಲ. ನಿನಗೆ ಆ ದಿನವೂ ರೋಗವಿರಲಿಲ್ಲ, ಈ ದಿನವೂ ಇಲ್ಲ ಎಂದೆ.

ಅವನು ಸೊಪ್ಪು ಹರಡುವುದನ್ನು ನಿಲ್ಲಿಸಲಿಲ್ಲ. ಒಂದು ತಟ್ಟೆ ಮುಗಿಸಿದ, ಇನ್ನೊಂದನ್ನು ಎಳೆದುಕೊಂಡ. ನನ್ನ ಕಡೆ ಬೆನ್ನಿತ್ತು. ಕತ್ತಿನ ಹಿಂದೆ ಬರೆಯ ಗುರುತು ಕಾಣುತ್ತಿತ್ತು. ಕೊನೆಗೆ, ತಿರುಗದೆಯೇ:

"ಅಮ್ಮ ಹೋದ ವರ್ಷ ಹೋಗ್ಬಿಟ್ಲು ಸಾ. ಸಾಯೋ ಮುಂದೂ, ನಾನಿಲ್ದಿದ್ರೆ ಇವ್ನು ಬಿದ್ದಾಗ ಯಾರು ನೋಡ್ತಾರೆ ಅಂತಿದ್ಲು. ಅವ್ಳಿಗೆ ಹೇಳ್ಬೇಕಾಗಿತ್ತು ನೀವು."

 

ಆ ತಟ್ಟೆಯನ್ನೂ ಮುಗಿಸಿ ಅವನು ತಿರುಗಿದ. ಬೈಯಲಿಲ್ಲ. ಬೈದಿದ್ದರೆ ನಾನು ಹಗುರವಾಗುತ್ತಿದ್ದೆನೆಂದು ಅವನಿಗೆ ತಿಳಿದಿತ್ತೋ ಏನೋ.

"ಇಲ್ಲಿ ಬಂದು ಹುಳದ ಮನೇಲಿ ನನ್ನೊಬ್ನಿಗೆ ಹೇಳಿದ್ರೆ ಏನ್ ಬಂತು ಸಾ? ಕಬ್ಣ ಎಲ್ಲಾರ್ ಮುಂದೆ ಇಟ್ರಿ. ಇದ್ನೂ ಎಲ್ಲಾರ್ ಮುಂದೆ ಹೇಳಿ. ಅಲ್ಲೇ. ಅದೇ ಬಯಲಾಗೆ."

"ಹೇಳುತ್ತೇನೆ" ಎಂದೆ. ಹಿಂದೊಮ್ಮೆ ಅವನ ತಾಯಿಗೂ ಹೀಗೆಯೇ ಮಾತು ಕೊಟ್ಟಿದ್ದೆ.

ಸಂಕ್ರಾಂತಿಗೆ ಮುಂಚಿನ ಭಾನುವಾರ ಇಬ್ಬರೂ ಒಂದೇ ಬಸ್ಸಿನಲ್ಲಿ ರಾಯದುರ್ಗಕ್ಕೆ ಹೋದೆವು. ಅವನು ಕಿಟಕಿಯ ಬಳಿ ಕುಳಿತ. ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಅವನಿಗೆ ಇಡ್ಲಿ ತರಿಸಿದೆ. ತಿಂದ. ನಾನು ತಲೆ ತಗ್ಗಿಸಿ ಪಕ್ಕದಲ್ಲಿ ಕುಳಿತಿದ್ದೆ.

ಬಯಲಿನಲ್ಲಿ ಈಗ ಯೂನಿಟ್ಟುಗಳು ಹೆಚ್ಚಾಗಿವೆ. ಹುಡುಗರು ಮೊಬೈಲಿನಲ್ಲಿ ಆಟವನ್ನು ಹಿಡಿಯುತ್ತಿದ್ದರು. ನಮ್ಮ ಯೂನಿಟ್ಟನ್ನು ಬಸವರಾಜಪ್ಪನವರ ಮಗ ನಡೆಸುತ್ತಿದ್ದ. ಹೆಸರು ಕೂಗುವ ಮೊದಲು ನನಗೊಂದು ಮಾತಾಡಲು ಅವಕಾಶ ಕೊಡು ಎಂದು ಅವನನ್ನು ಕೇಳಿಕೊಂಡೆ. ಹಳೆಯ ಮೇಷ್ಟ್ರು ಹುಡುಗರಿಗೆ ಬುದ್ಧಿಮಾತು ಹೇಳುತ್ತಾರೆಂದು ಎಲ್ಲರೂ ಮರ್ಯಾದೆಯಿಂದ ಸುಮ್ಮನಾದರು. ಗೆರೆಯ ಪಕ್ಕದಲ್ಲಿ, ಹೆಚ್ಚುಕಡಿಮೆ ಅವನು ಬಿದ್ದಿದ್ದ ಜಾಗದಲ್ಲಿಯೇ ನಿಂತು, ಹುಳುವಿನ ಮನೆಯಲ್ಲಿ ಹೇಳಿದ್ದನ್ನೆಲ್ಲ ಮತ್ತೆ ಹೇಳಿದೆ. ನನ್ನ ಬಾಯಲ್ಲಿ ಒತ್ತಕ್ಷರಗಳು ನಿಲ್ಲುತ್ತಿರಲಿಲ್ಲ. ಕೊನೆಯ ಸ್ವರಗಳು ನುಂಗಿಹೋಗುತ್ತಿದ್ದವು.

ಮುಗಿಸಿದೆ. ಎಳೆಯರು ಒಬ್ಬರ ಮುಖ ಒಬ್ಬರು ನೋಡಿದರು. ಅವರು ಆಗ ಹುಟ್ಟಿದ್ದರೋ ಇಲ್ಲವೋ. ಹಳಬರು ಕೆಲವರಿದ್ದರು. ಕುರ್ಚಿಯಲ್ಲಿ ಕೋಲು ಹಿಡಿದು ಕುಳಿತಿದ್ದ ತಿಪ್ಪೇಸ್ವಾಮಿ ಕಿವಿಗೆ ಕೈಯಿಟ್ಟು ಕೇಳಿದ:

"ಯಾವ ಹುಡುಗ್ರಿ ಮೇಷ್ಟ್ರೆ?"

ನಾನು ವರ್ಷ ಹೇಳಿದೆ, ಊರು ಹೇಳಿದೆ. ಅವನ ಮುಖ ಬೆಳಗಿತು.

"ಓ! ಆ ಫಿಟ್ಸ್ ಹುಡುಗ ಅಲ್ಲೇನ್ರಿ? ಕೀಲಿಕೈ ಇಟ್ಟಿದ್ರಿ ನೋಡ್ರಿ, ಅಂವ!"

"ಅವನಿಗೆ ಫಿಟ್ಸ್ ಇಲ್ಲ. ಅದನ್ನೇ ಈಗ ಹೇಳಿದ್ದು."

"ಹೌದ್ರಿ, ಹೌದ್ರಿ, ತಿಳೀತು. ಯಾಕ ಇಷ್ಟು ಸಂಕಟ ಮಾಡ್ಕೊಂತೀರಿ, ಹಳೇದು ಹ್ವಾತು. ಈಗ ಹೆಂಗ ಅದಾನ್ರಿ ಆ ಫಿಟ್ಸ್ ಹುಡುಗ?"

ಸಿದ್ದೇಶ ನಾಲ್ಕು ಮಾರು ದೂರದಲ್ಲಿ ನಿಂತಿದ್ದ. ನಾನು ತಿಪ್ಪೇಸ್ವಾಮಿಯ ಮುಂದೆ ಕೂತು, ಅವನ ಎರಡು ಕೈಗಳನ್ನೂ ಹಿಡಿದುಕೊಂಡು, ಮಗುವಿಗೆ ತಿದ್ದಿಸಿದಂತೆ ಹೇಳಿದೆ: ಅವನ ಹೆಸರು ಸಿದ್ದೇಶ. ಹೇಳು, ಸಿದ್ದೇಶ. ಮುದುಕ ನನ್ನ ಕಣ್ಣುಗಳನ್ನು ನೋಡಿ ನಗು ನಿಲ್ಲಿಸಿದ. "ಸಿದ್ದೇಶ" ಎಂದ. ಮತ್ತೆ ಹೇಳಿಸಿದೆ. ಮತ್ತೆ ಹೇಳಿದ.

ಬಸವರಾಜಪ್ಪನವರ ಮಗ ಏನು ಮಾಡಬೇಕೆಂದು ತೋಚದೆ ಒಂದು ಪಟ್ಟಿ ಹರಿದುಕೊಂಡು ಸಿದ್ದೇಶನ ಬಳಿಗೆ ಹೋದ. ಸಿದ್ದೇಶ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡ.

"ಬ್ಯಾಡ ಕಣಣ್ಣ. ಹುಡುಗ್ರಿಗೆ ಕಟ್ಟಿ, ಕಾಯ್ತಾವ್ರೆ."

ಸಂಜೆ ಅದೇ ಕಲ್ಯಾಣದುರ್ಗದ ಕಡೆಯ ಬಸ್ಸು. ಆ ಬೀಗದ ಕೈಯನ್ನು ಮರಳಿ ಕೊಡು ಎಂದು ಕೇಳಬೇಕೆಂದಿದ್ದೆ. ಕೊಟ್ಟರೆ ಏನು ಮಾಡಬೇಕೆಂಬುದನ್ನೂ ಯೋಚಿಸಿಟ್ಟಿದ್ದೆ. ಅಷ್ಟರಲ್ಲಿ ಬಸ್ಸು ಒಂದು ಹಳ್ಳಕ್ಕೆ ಇಳಿದು ಎಲ್ಲರನ್ನೂ ಎತ್ತಿ ಹಾಕಿತು. ಸಿದ್ದೇಶನ ಕೈ ಸರಕ್ಕನೆ ಸೊಂಟಕ್ಕೆ ಹೋಗಿ ಅದನ್ನು ಹಿಡಿದುಕೊಂಡಿತು. ನಾನು ನೋಡಿದ್ದು ಅವನಿಗೆ ಕಂಡಿತು.

"ಸುಳ್ಳು ಅಂತ ನಂಗೆ ಗೊತ್ತಾತು ಸಾ" ಎಂದ, ತಪ್ಪು ಮಾಡಿದವನು ತಾನೇ ಎಂಬಂತೆ. "ಕೈಗೆ ಗೊತ್ತಾಗಾಕಿಲ್ಲ."

ನಾನು ಕ್ಷಮೆ ಕೇಳಲಿಲ್ಲ. ಅವನು ಕೊಡಲೂ ಇಲ್ಲ. ಮಡಕಶಿರಾದಲ್ಲಿ ಇಳಿದು, ಅವನು ಹೇಮಾವತಿಯ ಕಡೆಯ ಆಟೋ ಹತ್ತಿದ. ಹತ್ತುವ ಮುಂಚೆ "ಬತ್ತೀನಿ ಸಾ" ಎಂದದ್ದು ನಿಜ. ಅದರಲ್ಲಿ ಏನನ್ನೂ ಹುಡುಕುವ ಹಕ್ಕು ನನಗಿಲ್ಲ.

ರಾಯದುರ್ಗದಲ್ಲಿ ಆ ದಿನ ಇಲ್ಲದವರೂ, ಇದ್ದು ಮರೆತವರೂ ಓದಲಿ ಎಂದು ಇದನ್ನು ಬರೆದಿದ್ದೇನೆ. ಅವನ ಹೆಸರು ಸಿದ್ದೇಶ. ಅವನಿಗೆ ಯಾವ ರೋಗವೂ ಇರಲಿಲ್ಲ. ಇದು ಇತ್ಯರ್ಥವಾದದ್ದು — ಇದಕ್ಕಿಂತ ಸರಿಯಾದ ಪದ ನನಗೆ ಸಿಗುತ್ತಿಲ್ಲ, ಈ ಪದವೂ ಸರಿಯಲ್ಲ — ೨೦೨೩ರ ಜನವರಿ ೮, ಭಾನುವಾರ.